ಫ್ಲೋರೈಡ್ ಚಿಪ್: ಸ್ಟ್ಯಾಂಡರ್ಡ್ ಸರಿ ಬರುತ್ತೆ, ಬೋರ್‌ವೆಲ್ ನೀರು ಮಾತ್ರ ಕಡಿಮೆ ತೋರಿಸುತ್ತೆ. ಎಲ್ಲಿ ತಪ್ಪುತ್ತಿದೆ?

ಜಗಳೂರು_ಬೋರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಎಂ.ಎಸ್ಸಿ. ಪ್ರಾಜೆಕ್ಟ್‌ಗಾಗಿ ದಾವಣಗೆರೆಯಲ್ಲಿ ಒಂದು ಮೈಕ್ರೋಫ್ಲೂಯಿಡಿಕ್ ಚಿಪ್ (ಸಣ್ಣ ಚಾನೆಲ್‌ನಲ್ಲಿ ದ್ರವ ಹರಿಸೋ ಚಿಪ್) ಮಾಡಿದ್ದೇವೆ. ಜಗಳೂರು, ಚಳ್ಳಕೆರೆ ಕಡೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಅಂತ ಕೆಲವೇ ಹನಿಯಲ್ಲಿ ಅಳೆಯೋದು ಉದ್ದೇಶ. ವಿಧಾನ ಸ್ಪಾಡ್ನ್ಸ್: ಜಿರ್ಕೋನಿಯಂ ಜೊತೆ ಸೇರಿ ಕೆಂಪಾಗಿರುವ ಬಣ್ಣ, ಫ್ಲೋರೈಡ್ ಬಂದಷ್ಟೂ ಮಾಸುತ್ತೆ. ಆ ಇಳಿಕೆಯನ್ನ 570 ನ್ಯಾನೋಮೀಟರ್‌ನಲ್ಲಿ ನೋಡ್ತೀವಿ.

ಚಿಪ್ ಹೀಗಿದೆ. ಪಿಡಿಎಂಎಸ್ (ಪಾರದರ್ಶಕ ಸಿಲಿಕೋನ್ ರಬ್ಬರ್), ಕೆಳಗೆ ಗಾಜಿನ ಸ್ಲೈಡ್. ಚಾನೆಲ್ 0.5 ಮಿ.ಮೀ ಅಗಲ, 0.5 ಮಿ.ಮೀ ಆಳ. ಬೆಳಕು ಚಾನೆಲ್‌ನ ಉದ್ದಕ್ಕೇ ಹೋಗುತ್ತೆ, 10 ಮಿ.ಮೀ. ಒಂದು ತುದಿಗೆ ಹಳದಿ-ಹಸಿರು ಎಲ್‌ಇಡಿ, ಇನ್ನೊಂದು ತುದಿಗೆ ಬಿಪಿಡಬ್ಲ್ಯೂ34 ಫೋಟೋಡಯೋಡ್, 1 ಮೆಗಾಓಮ್ ಆಂಪ್ಲಿಫೈಯರ್, ಅಲ್ಲಿಂದ ನೇರ ಆರ್ಡುಯಿನೋ (ಸಣ್ಣ ಕಂಪ್ಯೂಟರ್ ಬೋರ್ಡ್). ನೀರು ಮತ್ತು ರಿಯೇಜೆಂಟ್ (ಈ ಬಣ್ಣ, ಜಿರ್ಕೋನಿಯಂ ಇರೋ ಆಮ್ಲ ದ್ರಾವಣ) ಎರಡು ಸಿರಿಂಜ್ ಪಂಪ್‌ನಿಂದ 5:1ರ ಪ್ರಮಾಣದಲ್ಲಿ ವೈ-ಜಾಯಿಂಟ್‌ಗೆ ಬರುತ್ತೆ, ಒಟ್ಟು ನಿಮಿಷಕ್ಕೆ 60 ಮೈಕ್ರೋಲೀಟರ್. ಪಂಪ್ ನಿಲ್ಲಿಸಿ ಒಂದು ನಿಮಿಷ ಬಿಟ್ಟು ಓದ್ತೀವಿ.

ತೊಂದರೆ ಮೂರು. ಕ್ಯಾಲಿಬ್ರೇಶನ್ ಗೆರೆಯ (ಸ್ಟ್ಯಾಂಡರ್ಡ್‌ಗಳಿಂದ, ಅಂದರೆ ಫ್ಲೋರೈಡ್ ಎಷ್ಟಿದೆ ಅಂತ ಗೊತ್ತಿರೋ ದ್ರಾವಣಗಳಿಂದ, ಎಳೆದದ್ದು) ಇಳಿಜಾರು 1 ಸೆಂ.ಮೀ ಕ್ಯುವೆಟ್‌ನಲ್ಲಿ (ಲ್ಯಾಬಿನ ಪಾರದರ್ಶಕ ಚೌಕ ಪಾತ್ರೆ) ಬಂದಿದ್ದರ ಸುಮಾರು 60% ಮಾತ್ರ ಇದೆ, ಮೇಲಿನ ತುದಿಯಲ್ಲಿ ಬಾಗಿದೆ. ದಾರಿ ಎರಡರಲ್ಲೂ 10 ಮಿ.ಮೀ ತಾನೆ? ಎರಡನೆಯದು, ಜಗಳೂರು ಕಡೆಯ ಒಂದು ಬೋರ್ ನೀರಿಗೆ ಫ್ಲೋರೈಡ್ ಎಲೆಕ್ಟ್ರೋಡ್ ಲೀಟರಿಗೆ 1.6 ಮಿ.ಗ್ರಾಂ ಅಂತ ಕೊಟ್ಟರೆ ನಮ್ಮ ಚಿಪ್ 1.1, 1.2 ಅನ್ನುತ್ತೆ. ಅದೂ ನಿಲ್ಲೋದಿಲ್ಲ: ಸ್ಟ್ಯಾಂಡರ್ಡ್‌ಗಳು ನಾಲ್ಕು ನಿಮಿಷಕ್ಕೆ ನಿಂತರೆ ಬೋರ್ ನೀರಿನ ಅಬ್ಸಾರ್ಬೆನ್ಸ್ (ಬೆಳಕು ಹೀರುವ ಅಳತೆ) ಏರುತ್ತಲೇ ಇರುತ್ತೆ, ಅಂದರೆ ಫ್ಲೋರೈಡ್ ಇಳಿಯುತ್ತಲೇ ಇರುತ್ತೆ. ಮೂರನೆಯದು, ಬೆಳಗ್ಗೆ ಹಾಕಿದ ಬ್ಲ್ಯಾಂಕ್ (ಬರೀ ನೀರಿನ ಓದು) ಮಧ್ಯಾಹ್ನಕ್ಕೆ ಹೊಂದೋದಿಲ್ಲ.

ಎಲ್ಲಿಂದ ಶುರು ಮಾಡಬೇಕು ಹೇಳಿ.

ಬೆಳಕಿನ_ಲೆಕ್ಕ:

ಮೊದಲನೆಯದಕ್ಕೆ ಉತ್ತರ ಕೊಡ್ತೀನಿ. ಬೆಳಕನ್ನ ಚಾನೆಲ್‌ನ ಆಳದಲ್ಲಿ ಹಾಯಿಸದೆ ಉದ್ದಕ್ಕೆ ಹಾಯಿಸಿದ್ದು ಒಳ್ಳೇ ನಿರ್ಧಾರ. ಅಬ್ಸಾರ್ಬೆನ್ಸ್ ದಾರಿಯ ಉದ್ದಕ್ಕೆ ನೇರ ಅನುಪಾತದಲ್ಲಿರೋದರಿಂದ 0.5 ಮಿ.ಮೀ ಆಳದಲ್ಲಿ ನೋಡಿದ್ದರೆ ಸಿಗ್ನಲ್ 20ರಲ್ಲಿ ಒಂದು ಪಾಲು ಆಗ್ತಿತ್ತು. ಈಗ 2.5 ಮೈಕ್ರೋಲೀಟರ್‌ನಲ್ಲಿ ಪೂರ್ತಿ ಒಂದು ಸೆಂಟಿಮೀಟರ್ ದಾರಿ ಸಿಕ್ಕಿದೆ.

ಆದರೆ ನಿಮ್ಮ ಡಯೋಡ್‌ಗೆ ಬರ್ತಿರೋ ಬೆಳಕೆಲ್ಲ ನೀರಿನೊಳಗಿಂದ ಬಂದಿದ್ದಲ್ಲ. ನೀರಿನ ವಕ್ರೀಭವನ ಸೂಚ್ಯಂಕ 1.33, ಪಿಡಿಎಂಎಸ್‌ದು ಸುಮಾರು 1.41. ಗೋಡೆಯ ಸೂಚ್ಯಂಕ ನೀರಿಗಿಂತ ಹೆಚ್ಚಿರೋದರಿಂದ ಬೆಳಕು ನೀರಲ್ಲಿ ಹಿಡಿದಿಟ್ಟಂತೆ ಇರೋದಿಲ್ಲ, ಗೋಡೆಗೆ ಜಾರುತ್ತೆ. ಜೊತೆಗೆ ಎಲ್‌ಇಡಿಯ ಮೂತಿ 0.5 ಮಿ.ಮೀಗಿಂತ ಬಹಳ ದೊಡ್ಡದು. ಅದರ ಬೆಳಕಿನ ಒಂದು ಪಾಲು ಶುರುವಿನಿಂದಲೇ ಪಾರದರ್ಶಕ ಗೋಡೆಯಲ್ಲಿ ಹೋಗುತ್ತೆ. ಬಣ್ಣವನ್ನ ನೋಡದೇ ಬಂದ ಈ ಕಳ್ಳ ಬೆಳಕು ಇಳಿಜಾರನ್ನ ತಿನ್ನುತ್ತೆ.

ಲೆಕ್ಕ ಹಾಕಿ ನೋಡಿ. ನಿಜವಾದ ಅಬ್ಸಾರ್ಬೆನ್ಸ್ 0.80ರಿಂದ 0.50ಕ್ಕೆ ಇಳಿಯಿತು ಅಂದುಕೊಳ್ಳಿ, ವ್ಯತ್ಯಾಸ 0.30. ಬರೀ ನೀರು ತುಂಬಿದಾಗ ಡಯೋಡ್‌ಗೆ ಬರೋ ಬೆಳಕಿನಲ್ಲಿ 1% ಕಳ್ಳ ಬೆಳಕಾದರೆ ಆ ವ್ಯತ್ಯಾಸ 0.29 ಕಾಣುತ್ತೆ. 10% ಆದರೆ 0.80 ಇದ್ದದ್ದು 0.615 ಆಗುತ್ತೆ, 0.50 ಇದ್ದದ್ದು 0.415, ವ್ಯತ್ಯಾಸ ಬರೀ 0.20. 20% ಆದರೆ 0.14. ಕಪ್ಪಾದಷ್ಟೂ ನಷ್ಟ ಜಾಸ್ತಿ, ಅದಕ್ಕೇ ನಿಮ್ಮ ಗೆರೆ ಮೇಲಿನ ತುದಿಯಲ್ಲಿ ಬಾಗಿರೋದು. ಇಳಿಜಾರು 60% ಅಂದರೆ ನಿಮ್ಮಲ್ಲಿ ಕಳ್ಳ ಬೆಳಕು 10ಕ್ಕೂ 20ಕ್ಕೂ ನಡುವೆ ಎಲ್ಲೋ ಇದೆ.

ಊಹೆ ಬೇಡ, ಅಳೆದುಬಿಡಿ. ಕಿರಾಣಿ ಅಂಗಡಿಯ ನೀಲಿ ಮತ್ತು ಕೆಂಪು ಫುಡ್ ಕಲರ್ ಎರಡನ್ನೂ ಸ್ವಲ್ಪ ನೀರಲ್ಲಿ ಗಟ್ಟಿಯಾಗಿ ಕಲಸಿ, ಸೋಸಿ, ಚಾನೆಲ್‌ಗೆ ತುಂಬಿ. 10 ಮಿ.ಮೀ ಉದ್ದಕ್ಕೆ ಅದು ಕತ್ತಲೆಯೇ. ಆಗಲೂ ಡಯೋಡ್‌ನಲ್ಲಿ ಎಷ್ಟು ವೋಲ್ಟ್ ಉಳಿಯುತ್ತೋ ಅದು ಕಳ್ಳ ಬೆಳಕು. ಎಲ್‌ಇಡಿ ಆರಿಸಿದಾಗಿನ ಓದನ್ನ ಎರಡರಿಂದಲೂ ಕಳೆದು, ನೀರಿನ ವೋಲ್ಟಿಗೆ ಭಾಗಿಸಿ. ಇಲ್ಲಿ ರೋಡಮಿನ್ ಅಥವಾ ಜೆನ್ಶಿಯನ್ ವಯೊಲೆಟ್ ಮಾತ್ರ ಬಳಸಬೇಡಿ. ಅಂಥವು ಪಿಡಿಎಂಎಸ್ ಒಳಕ್ಕೆ ಇಳಿದು ಗೋಡೆಗೇ ಬಣ್ಣ ಹಿಡಿಯುತ್ತೆ, ಆ ಚಿಪ್ ಮತ್ತೆ ಸರಿಹೋಗೋದಿಲ್ಲ.

ತಾತ್ಕಾಲಿಕವಾಗಿ ಈ ಉಳಿಕೆ ವೋಲ್ಟನ್ನ ಎಲ್ಲ ಓದಿನಿಂದಲೂ ಕಳೆದು ಅಬ್ಸಾರ್ಬೆನ್ಸ್ ತೆಗೆಯಬಹುದು, ಗೆರೆ ಬಹುಮಟ್ಟಿಗೆ ನೇರವಾಗುತ್ತೆ. ಆದರೆ ಎಲ್‌ಇಡಿ ಕೂದಲೆಳೆಯಷ್ಟು ಅಲುಗಿದರೂ ಆ ಸಂಖ್ಯೆ ಬದಲಾಗುತ್ತೆ. ಶಾಶ್ವತ ಪರಿಹಾರ ಕಪ್ಪು ಗೋಡೆ, ಎರಡು ತುದಿಗೂ ಚಾನೆಲ್‌ಗಿಂತ ಚಿಕ್ಕ ತೂತಿನ ಮರೆ.

ನೀರು_ಪರೀಕ್ಷೆ_ದುರ್ಗ:

ಎರಡನೇ ತೊಂದರೆಯೇ ನನಗೆ ಹೆಚ್ಚು ಚಿಂತೆಯದು. ನಿಮ್ಮ ಯಂತ್ರದ ತಪ್ಪು ಅಪಾಯದ ಕಡೆಗೇ ವಾಲಿದೆ. ಭಾರತೀಯ ಮಾನಕ ಐಎಸ್ 10500: 2012ರ ಪ್ರಕಾರ ಕುಡಿಯುವ ನೀರಲ್ಲಿ ಫ್ಲೋರೈಡ್ 1.0 ಮಿ.ಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ. 1.6 ಇರೋ ನೀರನ್ನ 1.1 ಅಂತ ತೋರಿಸಿದರೆ, ಮಕ್ಕಳ ಹಲ್ಲು ಕಲೆಗಟ್ಟಿಸೋ ನೀರಿಗೆ ನೀವು ಒಪ್ಪಿಗೆ ಮುದ್ರೆ ಒತ್ತಿದಂತೆ.

ಇದರಲ್ಲಿ ಒಂದು ಭಾಗ ಸುಲಭದ್ದು: ಸ್ಪಾಡ್ನ್ಸ್ ಗೆರೆ 1.4 ಮಿ.ಗ್ರಾಂವರೆಗೆ ಮಾತ್ರ ನಂಬಿಕೆಯದು. ಅದರಾಚೆ ಮಾಸಲು ಬಣ್ಣ ಕಡಿಮೆ ಉಳಿದು ಗೆರೆ ಚಪ್ಪಟೆಯಾಗುತ್ತೆ, ಓದು ಕೆಳಗೇ ನಿಲ್ಲುತ್ತೆ. ನಮ್ಮ ಭಾಗದ ಗ್ರಾನೈಟ್, ನೈಸ್ ಬಂಡೆಯ ನೀರಿಗೆ 1.4 ದಾಟೋದು ಅಪರೂಪವಲ್ಲ. ಆದ್ದರಿಂದ ಬೋರ್ ನೀರನ್ನ ಮೊದಲೇ ಡಿಸ್ಟಿಲ್ಡ್ ನೀರಿನ ಜೊತೆ ಸಮಸಮ ಬೆರೆಸಿ ಓದಿ, ಎರಡರಿಂದ ಗುಣಿಸಿ.

ಇನ್ನೊಂದು ಭಾಗ, ಏರುತ್ತಲೇ ಇರೋ ಅಬ್ಸಾರ್ಬೆನ್ಸ್. ನಿಮ್ಮ ಸ್ಟ್ಯಾಂಡರ್ಡ್‌ಗಳು ಡಿಸ್ಟಿಲ್ಡ್ ನೀರಲ್ಲಿ ಮಾಡಿದವು, ಬೋರ್ ನೀರಿನಲ್ಲಿ ಬೈಕಾರ್ಬೊನೇಟ್ ಇದೆ. ಅದರ ಮೇಲೆ ನೀವು ಸುರಿಯೋ ರಿಯೇಜೆಂಟ್‌ನಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಸುಮಾರು 4 ಮೋಲಾರ್. 5:1ಕ್ಕೆ ಬೆರೆತ ಮೇಲೂ 0.7 ಮೋಲಾರ್. ಅಡುಗೆ ಸೋಡಾದ ಮೇಲೆ ನಿಂಬೆಹಣ್ಣು ಹಿಂಡಿದರೆ ಏನಾಗುತ್ತೋ ಅದೇ ನಿಮ್ಮ ಅರ್ಧ ಮಿಲಿಮೀಟರ್ ಚಾನೆಲ್ ಒಳಗೆ ಆಗ್ತಿದೆ.

ಎಷ್ಟು ಅಂತ ನೋಡಿ. ಕ್ಷಾರತೆ ಲೀಟರಿಗೆ 400 ಮಿ.ಗ್ರಾಂ (ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ) ಇದ್ದರೆ ಅದು 8 ಮಿಲಿಮೋಲ್ ಬೈಕಾರ್ಬೊನೇಟ್. ರಿಯೇಜೆಂಟ್ ಬೆರೆತ ಮೇಲೆ 6.7. ಅಷ್ಟೂ ಇಂಗಾಲದ ಡೈಆಕ್ಸೈಡ್ ಆಗುತ್ತೆ. 25 ಡಿಗ್ರಿಯಲ್ಲಿ ಒಂದು ವಾಯುಮಂಡಲ ಒತ್ತಡದ ಶುದ್ಧ ಡೈಆಕ್ಸೈಡ್ ಎದುರು ನೀರು ಹಿಡಿಯೋದು ಸುಮಾರು 34 ಮಿಲಿಮೋಲ್, ಹಾಗಾಗಿ 6.7 ಅಂದರೆ 0.2 ವಾಯುಮಂಡಲ. ಇಷ್ಟಕ್ಕೇ ಗುಳ್ಳೆ ಏಳಬಾರದಲ್ಲ ಅನ್ನಿಸಬಹುದು. ಆದರೆ ನೀರಿನಲ್ಲಿ ಆಗಲೇ ಗಾಳಿಯ ಸಾರಜನಕ, ಆಮ್ಲಜನಕ ತುಂಬಿ ಒಂದು ವಾಯುಮಂಡಲಕ್ಕೆ ಸಮವಾಗಿ ನಿಂತಿದೆ. ಇದು ಅದರ ಮೇಲಿನ ಹೊರೆ. ಚಾನೆಲ್ ಮೂಲೆ, ಒರಟು ಗೋಡೆ, ಜಾಯಿಂಟಿನ ಸಂದು ಎಲ್ಲಿ ಆಸರೆ ಸಿಕ್ಕಿದರೂ ಗುಳ್ಳೆ ಕೂರುತ್ತೆ. ಪಂಪ್ ನಿಲ್ಲಿಸಿದ ಕೂಡಲೇ ಒತ್ತಡ ಇಳಿದು ಅದು ಬೆಳೆಯುತ್ತೆ. ಬೆಳಕಿನ ದಾರಿಯಲ್ಲಿ ಕೂತ ಗುಳ್ಳೆ ಬೆಳಕನ್ನ ಪಕ್ಕಕ್ಕೆ ಚದುರಿಸುತ್ತೆ. ಡಯೋಡ್‌ಗೆ ಬೆಳಕು ಕಡಿಮೆಯಾದದ್ದನ್ನ ನಿಮ್ಮ ಪ್ರೋಗ್ರಾಂ ‘ಬಣ್ಣ ಜಾಸ್ತಿ, ಫ್ಲೋರೈಡ್ ಕಡಿಮೆ’ ಅಂತ ಓದಿಕೊಳ್ಳುತ್ತೆ.

ಇದು ಹೌದೋ ಅಲ್ಲವೋ ಅಂತ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತೆ. 1.0 ಮಿ.ಗ್ರಾಂ ಫ್ಲೋರೈಡ್ ಸ್ಟ್ಯಾಂಡರ್ಡ್ ಎರಡು ಪಾಲು ಮಾಡಿ. ಒಂದನ್ನ ಹಾಗೇ ಇಡಿ. ಇನ್ನೊಂದಕ್ಕೆ ಲೀಟರಿಗೆ 672 ಮಿ.ಗ್ರಾಂ ಲೆಕ್ಕದಲ್ಲಿ ಸೋಡಿಯಂ ಬೈಕಾರ್ಬೊನೇಟ್ ಹಾಕಿ, ಅದು 400 ಕ್ಷಾರತೆಗೆ ಸಮ. ಎರಡನ್ನೂ ಚಿಪ್‌ನಲ್ಲಿ ಹತ್ತತ್ತು ನಿಮಿಷ ಓದಿಸಿ. ಕ್ಷಾರತೆ ಈ ಬಣ್ಣದ ರಸಾಯನಕ್ಕೆ ಅಷ್ಟಾಗಿ ಅಡ್ಡ ಬರೋದಿಲ್ಲ, 5000 ಮಿ.ಗ್ರಾಂ ಆಗೋವರೆಗೆ 0.1ರಷ್ಟೂ ಕೆಡಿಸೋದಿಲ್ಲ. ಹಾಗಾಗಿ ಸೋಡಾ ಹಾಕಿದ್ದು ಮಾತ್ರ ಜಾರಿದರೆ ಕಾರಣ ಗುಳ್ಳೆಯೇ.

ಪರಿಹಾರ: ಬೆರೆಸೋ ಕೆಲಸವನ್ನ ಚಿಪ್‌ನಿಂದ ಹೊರಗೆ ತನ್ನಿ. 2 ಎಂ.ಎಲ್ ಪ್ಲಾಸ್ಟಿಕ್ ಟ್ಯೂಬಿಗೆ 1000 ಮೈಕ್ರೋಲೀಟರ್ ನೀರು, 200 ಮೈಕ್ರೋಲೀಟರ್ ರಿಯೇಜೆಂಟ್. ಮುಚ್ಚಳ ತೆಗೆದು ಅಲುಗಾಡಿಸಿ ಒಂದೆರಡು ನಿಮಿಷ ಬಿಡಿ. ಆಮೇಲೆ 5 ಎಂ.ಎಲ್ ಸಿರಿಂಜಿಗೆ ಎಳೆದು, ಮೂತಿಗೆ ಕ್ಯಾಪ್ ಹಾಕಿ, ದಂಡವನ್ನ ಹಿಂದಕ್ಕೆ ಜಗ್ಗಿ ಹಿಡಿದು, ಗೋಡೆಗೆ ಬೆರಳಿಂದ ತಟ್ಟಿ. ಸಾಸಿವೆಗಿಂತ ಸಣ್ಣ ಗುಳ್ಳೆಗಳು ಗೋಡೆ ಬಿಟ್ಟು ಸಾಲಾಗಿ ಮೇಲೇರೋದು ಕಣ್ಣಿಗೇ ಕಾಣುತ್ತೆ. ಮೂತಿ ಮೇಲೆ ಮಾಡಿ ಗಾಳಿ ಹೊರಹಾಕಿ ಮತ್ತೆ ಜಗ್ಗಿ. ಮೂರು ಸಲಕ್ಕೆ ಬಹುತೇಕ ನಿಲ್ಲುತ್ತೆ. ಕೈಗವಸು, ಕನ್ನಡಕ ಇಲ್ಲದೆ ಇದನ್ನ ಮಾಡಬೇಡಿ, ಕ್ಯಾಪ್ ಬದಲು ಹೆಬ್ಬೆರಳು ಇಡಬೇಡಿ, ಒಳಗಿರೋದು ಆಮ್ಲ.

ಹೊರಗೆ ಬೆರೆಸಿದರೆ ಇನ್ನೊಂದು ಕಾಟವೂ ತಪ್ಪುತ್ತೆ. ಅರ್ಧ ಮಿಲಿಮೀಟರ್ ಚಾನೆಲ್‌ನಲ್ಲಿ ಸುಳಿಯೇ ಇಲ್ಲ, ಎರಡು ದ್ರವ ಪಕ್ಕಪಕ್ಕ ಪಟ್ಟಿಯಾಗಿ ಹರಿಯುತ್ತವೆ, ಬೆರೆಯೋದು ಬರೀ ವಿಸರಣೆಯಿಂದ. ಈ ಬಣ್ಣದಂಥ ಅಣು 0.5 ಮಿ.ಮೀ ದಾಟೋಕೆ ನಾಲ್ಕು ನಿಮಿಷ ಬೇಕು. ನಿಮ್ಮ ಸ್ಟ್ಯಾಂಡರ್ಡ್‌ಗಳು ನಾಲ್ಕು ನಿಮಿಷಕ್ಕೆ ನಿಲ್ಲೋದು ಅದಕ್ಕೇ. ಅಂದಮೇಲೆ ಒಂದೇ ನಿಮಿಷಕ್ಕೆ ಓದಿದ್ದೆಲ್ಲ ಅರ್ಧ ಬೆರೆತದ್ದು. ಆಮ್ಲದ ಪಟ್ಟಿಯ ವಕ್ರೀಭವನ ನೀರಿಗಿಂತ ಬೇರೆ, ಆ ಗಡಿಯೇ ಮಸೂರದಂತೆ ಬೆಳಕನ್ನ ತಿರುಗಿಸುತ್ತೆ.

ಪಿಪೆಟ್ ಬಗ್ಗೆ ಬಹಳ ಎಚ್ಚರ. ಈ ವಿಧಾನದಲ್ಲಿ ಬಣ್ಣ ಬರೋದೇ ರಿಯೇಜೆಂಟ್‌ನಿಂದ. 200ರ ಜಾಗದಲ್ಲಿ 204 ಬಿದ್ದರೆ ಬಣ್ಣವೇ ಸುಮಾರು 2% ಜಾಸ್ತಿ, ಅದು ನೇರ ಫ್ಲೋರೈಡ್ ಓದಿಗೆ ಹೋಗುತ್ತೆ. ಟ್ಯೂಬನ್ನ 1 ಮಿ.ಗ್ರಾಂ ತೋರಿಸೋ ತಕ್ಕಡಿಯ ಮೇಲಿಟ್ಟೇ ಹಾಕಿ, ಪ್ರತಿ ಟ್ಯೂಬಿಗೂ ಒಂದೇ ತೂಕದ ರಿಯೇಜೆಂಟ್ ಬೀಳಲಿ. ಚಿಪ್‌ಗೆ ಸ್ಟೀಲ್ ಸೂಜಿ ಚುಚ್ಚಿದ್ದರೆ ತೆಗೆಯಿರಿ. ಈ ಆಮ್ಲಕ್ಕೆ ಅದು ಕರಗಿ ಕಬ್ಬಿಣ ಬಿಡುತ್ತೆ. ಟೆಫ್ಲಾನ್ ಟ್ಯೂಬ್ ಸಾಕು.

ಪಿಬಿ_ರೋಡ್_ಅನಾಲಾಗ್:

ಮೂರನೆಯದು ನನ್ನ ಪಾಲಿಗೆ ಬಂತು. ಆರ್ಡುಯಿನೋ ಒಳಗಿನ ಎಡಿಸಿ (ವೋಲ್ಟನ್ನ ಸಂಖ್ಯೆ ಮಾಡೋ ಭಾಗ) 10 ಬಿಟ್, 5 ವೋಲ್ಟಿಗೆ ಒಂದು ಮೆಟ್ಟಿಲು 4.9 ಮಿಲಿವೋಲ್ಟ್. ಬ್ಲ್ಯಾಂಕ್ 1 ವೋಲ್ಟ್ ಇದ್ದರೆ ಒಂದು ಮೆಟ್ಟಿಲೇ 0.002 ಅಬ್ಸಾರ್ಬೆನ್ಸ್. ಬಣ್ಣ ತುಂಬಿ 0.25 ವೋಲ್ಟಿಗೆ ಇಳಿದಾಗ ಅದೇ ಮೆಟ್ಟಿಲು 0.0084. ಎಡಿಎಸ್1115 ಅನ್ನೋ ಹೊರಗಿನ ಎಡಿಸಿ ಮಾಡ್ಯೂಲ್ ಹಾಕಿ, 2.048 ವೋಲ್ಟ್ ರೇಂಜ್‌ನಲ್ಲಿ ಮೆಟ್ಟಿಲು 62.5 ಮೈಕ್ರೋವೋಲ್ಟ್, 0.25 ವೋಲ್ಟಿನಲ್ಲೂ 0.0001ರ ಆಸುಪಾಸು. ಸೆಕೆಂಡಿಗೆ 128 ಓದಿನ ವೇಗದಲ್ಲಿ ಪೂರ್ತಿ ಒಂದು ಸೆಕೆಂಡ್ ಸರಾಸರಿ ತೆಗೆದರೆ ಟ್ಯೂಬ್‌ಲೈಟಿನ 100 ಹರ್ಟ್ಸ್ ಮಿನುಗು ಅಳಿಸಿಹೋಗುತ್ತೆ.

ಎಲ್‌ಇಡಿಗೆ ಆರ್ಡುಯಿನೋ 5 ವೋಲ್ಟಿಂದ ರೆಸಿಸ್ಟರ್ ಮೂಲಕ ಕೊಟ್ಟಿದ್ದೀರಿ ಅಂತ ಅಂದಾಜು. ಯುಎಸ್‌ಬಿ ವೋಲ್ಟೇಜ್ ಅಲುಗಿದಂತೆ ಬೆಳಕೂ ಅಲುಗುತ್ತೆ. ಎಲ್‌ಎಂ317 ರೆಗ್ಯುಲೇಟರ್ ಐಸಿ ಹಾಕಿ ಸ್ಥಿರ ಕರೆಂಟ್ ಮಾಡಿ: 62 ಓಮ್ ಇಟ್ಟರೆ 20 ಮಿಲಿಆಂಪಿಯರ್. ಇದಕ್ಕೆ 5 ವೋಲ್ಟ್ ಸಾಲದು, ಎಲ್‌ಇಡಿಗೇ 2 ವೋಲ್ಟ್ ಹೋಗಿ ಐಸಿಗೆ ಉಳಿಯೋದಿಲ್ಲ. 12 ವೋಲ್ಟ್ ಅಡಾಪ್ಟರ್ ಕೊಡಿ.

ಇಷ್ಟಾದ ಮೇಲೂ ಬಿಸಿ ಇದೆ. ಹಳದಿ-ಹಸಿರು ಎಲ್‌ಇಡಿ ಕಾದಷ್ಟೂ ಮಂಕಾಗುತ್ತೆ, ಬಣ್ಣವೂ ಸ್ವಲ್ಪ ಕೆಂಪಿನ ಕಡೆ ಜರುಗುತ್ತೆ. ಬೆಳಕು 1% ಕುಗ್ಗಿದರೆ 0.0044 ಅಬ್ಸಾರ್ಬೆನ್ಸ್ ಸುಳ್ಳು ಏರಿಕೆ. ದಾವಣಗೆರೆಯ ಏಪ್ರಿಲ್‌ನಲ್ಲಿ ಬೆಳಗ್ಗೆ ಏಳಕ್ಕೂ ಮಧ್ಯಾಹ್ನ ಮೂರಕ್ಕೂ ಕೋಣೆ ಎಷ್ಟು ಬದಲಾಗುತ್ತೆ ಅಂತ ನಿಮಗೇ ಗೊತ್ತು. ಅರ್ಧ ಗಂಟೆ ಮೊದಲೇ ಎಲ್‌ಇಡಿ ಹೊತ್ತಿಸಿಡಿ. ಇನ್ನೊಂದು ಬಿಪಿಡಬ್ಲ್ಯೂ34 ತಂದು ಎಲ್‌ಇಡಿಯ ಪಕ್ಕದಿಂದ ನೇರವಾಗಿ ಅದರ ಬೆಳಕು ನೋಡೋ ಹಾಗೆ ಅಂಟಿಸಿ, ಎಡಿಎಸ್1115ರ ಎರಡನೇ ಚಾನೆಲ್‌ಗೆ ಕೊಡಿ, ಪ್ರತಿ ಓದನ್ನ ಅದರಿಂದ ಭಾಗಿಸಿ. ಬಿಪಿಡಬ್ಲ್ಯೂ34ರ ಮೈ ಪಾರದರ್ಶಕ ಅನ್ನೋದು ಮರೆಯಬೇಡಿ, ಬೆನ್ನಿನಿಂದ ಬಂದ ಬೆಳಕನ್ನೂ ಓದುತ್ತೆ. ಹಿಂದೆ ಮತ್ತು ಪಕ್ಕದಲ್ಲಿ ಕಪ್ಪು ಬಣ್ಣ ಬಳಿಯಿರಿ.

ಮತ್ತೊಂದು ಸಲಹೆ: ಬರೀ ಕೊನೆಯ ಸಂಖ್ಯೆ ಬರೆದುಕೊಳ್ಳಬೇಡಿ, ಸಮಯದ ಜೊತೆ ವೋಲ್ಟೇಜಿನ ಗೆರೆ ಪೂರ್ತಿ ಉಳಿಸಿ. ಹಾದು ಹೋದ ಗುಳ್ಳೆ ಮುಳ್ಳಿನಂತೆ ಎದ್ದು ಇಳಿಯುತ್ತೆ. ಕೂತು ಬೆಳೆಯೋ ಗುಳ್ಳೆ ಓರೆ ಗೆರೆ ಎಳೆದು ಒಮ್ಮೆಗೇ ಮೆಟ್ಟಿಲಿನಂತೆ ಹಾರುತ್ತೆ. ಎಲ್‌ಇಡಿ ಜಾರಿದರೆ ನೀರು ತುಂಬಿದಾಗಲೂ ಅದೇ ಓರೆ ಕಾಣುತ್ತೆ.

ಹರಿಹರ_ಫಿಟ್ಟರ್:

ಪಿಡಿಎಂಎಸ್ ಬಿಟ್ಟು ಕಪ್ಪು ಅಕ್ರಿಲಿಕ್‌ನಾಗೆ ಮಾಡ್ರಿ, ಕಳ್ಳ ಬೆಳಕಿಂದು ಬಗೆಹರಿತೈತೆ. 10 ಮಿ.ಮೀ ದಪ್ಪದ ಕಪ್ಪು ಅಕ್ರಿಲಿಕ್, ಕಾಸ್ಟ್ ಶೀಟೇ ಕೇಳ್ರಿ, ಎಕ್ಸ್‌ಟ್ರೂಡೆಡ್ ಆದ್ರೆ ಡ್ರಿಲ್ಲಿಗೆ ಕರಗಿ ಅಂಟ್ತೈತೆ. ದಪ್ಪದ ಗುಂಟ 1 ಮಿ.ಮೀ ತೂತು ನೆಟ್ಟಗೆ ಇಳಿಸ್ರಿ. ಅದೇ ನಿಮ್ಮ 10 ಮಿ.ಮೀ ದಾರಿ, ಹಿಡಿಯೋದು ಸುಮಾರು 8 ಮೈಕ್ರೋಲೀಟರ್. ನಿಮ್ಮ 2.5ಕ್ಕಿಂತ ಜಾಸ್ತಿ, ಆದ್ರೂ ತೂತಿನ ಬಾಯಿ ನಿಮ್ಮ ಚಾನೆಲ್‌ಗಿಂತ ಮೂರರಷ್ಟು ದೊಡ್ಡದು, ಬೆಳಕು ಜಾಸ್ತಿ ಒಳಗೆ ಬರ್ತೈತೆ.

ಡ್ರಿಲ್ ಮಾಡುವಾಗ ಅವಸರ ಬ್ಯಾಡ. ಬೆಂಚ್ ಡ್ರಿಲ್‌ನಾಗೆ ಕಡಿಮೆ ವೇಗ, ಸೋಪು ನೀರು ಹನಿಸ್ತಾ, ಒಂದೊಂದು ಮಿಲಿಮೀಟರ್ ಇಳಿಸಿ ಬಿಟ್ ಪೂರ್ತಿ ಹೊರಗೆ ಎಳ್ದು ಚೂರು ಒರೆಸ್ರಿ. ಒಂದೇ ಉಸಿರಿಗೆ ಇಳಿಸಿದ್ರೆ ಒಳಗೋಡೆ ಕರಗಿ ಮತ್ತೆ ಗಟ್ಟಿಯಾಗ್ತೈತೆ, ಸುಕ್ಕುಸುಕ್ಕು. ಆ ಸುಕ್ಕಿನಾಗೇ ಗುಳ್ಳೆ ಕೂರೋದು. ಬೆಳಕಿಗೆ ಹಿಡಿದು ನೋಡಿದ್ರೆ ತೂತಿನ ಆಚೆ ದುಂಡನೆ ಬೆಳಕು ಕಾಣ್ಬೇಕು, ಬೆಕ್ಕಿನ ಕಣ್ಣಂಗೆ ಸೀಳಾಗಿ ಕಂಡ್ರೆ ಡ್ರಿಲ್ ಓರೆ ಹೋಗೈತೆ, ಇನ್ನೊಂದು ಮಾಡ್ರಿ.

ಮೇಲೆ ಕೆಳಗೆ 1 ಮಿ.ಮೀ ಪಾರದರ್ಶಕ ಅಕ್ರಿಲಿಕ್ ಕಿಟಕಿ. ನೀರು ಬರೋ ಚಾನೆಲ್ ಒಂದು ಮುಖದ ಮೇಲೆ, ಹೋಗೋದು ಇನ್ನೊಂದು ಮುಖದ ಮೇಲೆ. ಪಕ್ಕದಿಂದ ನೋಡಿದ್ರೆ ಒಂದು ಗೆರೆ ಮೇಲೆ, ನಡುವೆ ಉದ್ದ ಕಂಬ, ಒಂದು ಗೆರೆ ಕೆಳಗೆ. ಚಾನೆಲ್ ಕೆತ್ತೋ ಬದಲು ಡಬಲ್ ಸೈಡ್ ಟೇಪಿನಾಗೆ ಕತ್ತರಿಸಿಕೊಳ್ರಿ. ರೇಡಿಯಂ ಸ್ಟಿಕ್ಕರ್ ಅಂಗಡಿ ಪ್ಲಾಟರ್ 1 ಮಿ.ಮೀ ಗೆರೆ ಸಲೀಸಾಗಿ ಕತ್ತರಿಸ್ತೈತೆ. ಆ ಟೇಪೇ ಕಿಟಕಿನ ಅಂಟಿಸ್ತೈತೆ. ನೇಮ್ ಬೋರ್ಡ್ ಅಂಗಡಿಯೋರು ಕ್ಲೋರೋಫಾರ್ಮ್ ಹಾಕಿ ಅಂಟಿಸಿಕೊಡ್ತೀವಿ ಅಂದ್ರೆ ಬ್ಯಾಡ ಅನ್ರಿ, ಅದು ಹರಿದು ಕಿಟಕಿ ಮಂಜಾಗ್ತೈತೆ.

ಎರಡೂ ಕಡೆ ಕಿಟಕಿ ಹೊರಗೆ 0.8 ಮಿ.ಮೀ ತೂತಿನ ಕಪ್ಪು ಹಾಳೆ, ತೂತು ತೂತಿಗೆ ಸರಿಯಾಗಿ ಕೂರ್ಬೇಕು. ಚಿಪ್ ನಿಲ್ಲಿಸೋದು ಹೆಂಗೆ ಅಂದ್ರೆ ಕಂಬ ನೆಟ್ಟಗೆ, ನೀರು ಕೆಳಗಿಂದ ಒಳಗೆ, ಮೇಲಿಂದ ಹೊರಗೆ. ಅಪ್ಪಿತಪ್ಪಿ ಗುಳ್ಳೆ ಬಂದ್ರೂ ತಾನೇ ಮೇಲೇರಿ ಹೋಗ್ತೈತೆ.

ಬೆಳಕಿನ_ಲೆಕ್ಕ:

ಹರಿಹರದವರು ಹೇಳಿದ್ದು ಸರಿ. ಹಳೇ ಪಿಡಿಎಂಎಸ್ ಚಿಪ್ಪನ್ನೇ ಮುಂದುವರಿಸಿದರೆ, ಮೊದಲು ಐಸೋಪ್ರೊಪೈಲ್ ಆಲ್ಕೋಹಾಲ್ ಹಾಯಿಸಿ ಆಮೇಲೆ ನೀರು ಬಿಡಿ. ನೀರಿಗೆ ಒದ್ದೆಯಾಗದ ಮೂಲೆಯೂ ಆಲ್ಕೋಹಾಲಿಗೆ ಒದ್ದೆಯಾಗುತ್ತೆ, ಗಾಳಿ ಸಿಕ್ಕಿಕೊಳ್ಳೋದಿಲ್ಲ.

ಹರಿಹರ_ಫಿಟ್ಟರ್:

ಅದು ಪಿಡಿಎಂಎಸ್‌ಗೆ ಮಾತ್ರ ಸರ್. ಅಕ್ರಿಲಿಕ್‌ಗೆ ಆಲ್ಕೋಹಾಲ್ ಸೋಕಿಸಬ್ಯಾಡ್ರಿ. ಲೇಸರ್‌ನಾಗೆ ಕತ್ತರಿಸಿದ ಅಂಚಿನಾಗೆ ಬಿಗಿತ ಉಳಿದಿರ್ತೈತೆ, ಆಲ್ಕೋಹಾಲ್ ತಾಗಿದ ಕೂಡ್ಲೆ ಕೂದಲಂಥ ಬಿರುಕು ಜಾಲದಂಗೆ ಹಬ್ತೈತೆ. ಕತ್ತರಿಸಿದ ಮೇಲೆ 80 ಡಿಗ್ರಿ ಓವನ್‌ನಾಗೆ ಕೆಲವು ಗಂಟೆ ಇಟ್ಟು, ಓವನ್ ಆರಿಸಿ ಅದರಾಗೇ ಆರಾಕೆ ಬಿಟ್ರೆ ಬಿಗಿತ ಇಳಿತೈತೆ. ಒದ್ದೆ ಮಾಡಾಕೆ 0.1% ಟ್ವೀನ್ 20 (ಸೋಪಿನಂಥದ್ದು) ಹಾಕಿದ ನೀರು ಸಾಕು, ಆಮೇಲೆ ಚೆನ್ನಾಗಿ ತೊಳೀರಿ.

ಜಗಳೂರು_ಬೋರ್:

ಎಲ್ಲರಿಗೂ ತುಂಬಾ ಧನ್ಯವಾದ. ಪರೀಕ್ಷೆ ಮಾಡಿ ಬರೀತಿದ್ದೀನಿ.

ಬಣ್ಣ ತುಂಬಿದಾಗ ಹಳೇ ಚಿಪ್‌ನಲ್ಲಿ 13% ಬೆಳಕು ಉಳೀತು. ಲೆಕ್ಕಕ್ಕೆ ಹಾಕಿದರೆ ಇಳಿಜಾರು 60% ಅಂತಲೇ ಬರುತ್ತೆ. ಕಪ್ಪು ಅಕ್ರಿಲಿಕ್ ಚಿಪ್‌ನಲ್ಲಿ ಅದು 1%ಗಿಂತ ಕಡಿಮೆ.

ಸೋಡಾ ಪರೀಕ್ಷೆ ಹಳೇ ಚಿಪ್‌ನಲ್ಲೇ ಮಾಡಿದೆವು. ಸೋಡಾ ಇಲ್ಲದ 1.0 ಸ್ಟ್ಯಾಂಡರ್ಡ್ ನಿಂತಲ್ಲೇ ನಿಂತಿತು. ಸೋಡಾ ಹಾಕಿದ್ದು ಐದು ನಿಮಿಷದಲ್ಲಿ 0.7ಕ್ಕೆ ಜಾರಿತು. ಲೆನ್ಸ್ ಹಿಡಿದು ನೋಡಿದರೆ ವೈ-ಜಾಯಿಂಟ್ ದಾಟಿದ ಮೂಲೆಯಲ್ಲಿ ಒಂದು ಗುಳ್ಳೆ, ಎಲ್‌ಇಡಿ ತುದಿಯಲ್ಲಿ ಇನ್ನೊಂದು. ಅದೇ ದ್ರವವನ್ನ ಹೊರಗೆ ಬೆರೆಸಿ, ಸಿರಿಂಜಲ್ಲಿ ಮೂರು ಸಲ ಜಗ್ಗಿ ಹಾಕಿದಾಗ 0.98. ಜಗಳೂರಿನ ನೀರನ್ನ ಸಮಸಮ ಬೆರೆಸಿ ಹೊಸ ಚಿಪ್‌ನಲ್ಲಿ ಓದಿದರೆ 0.79, ಅಂದರೆ 1.58.

ಉಳಿದಿರೋದು ಎರಡು. ಒಂದು ಮಾದರಿಯ ನಂತರ ಮುಂದಿನದನ್ನ ಓದಿದಾಗ ಹಿಂದಿನದರ ನೆರಳು ಉಳಿಯುತ್ತೆ. ಇನ್ನೊಂದು, ಫ್ಲೋರೈಡ್ ತೆಗೆಯೋ ಆಕ್ಟಿವೇಟೆಡ್ ಅಲ್ಯುಮಿನಾ ಫಿಲ್ಟರ್ ದಾಟಿ ಬಂದ ಒಂದು ನೀರಿಗೆ ಈಗಲೂ ಎಲೆಕ್ಟ್ರೋಡ್‌ಗಿಂತ 0.3 ಕಡಿಮೆ ಬರುತ್ತೆ. ಗುಳ್ಳೆ ಇಲ್ಲ, ಗೆರೆ ನೆಟ್ಟಗಿದೆ. ನಲ್ಲಿ ನೀರನ್ನೂ ಹೀಗೇ ನೋಡಬಹುದಾ?

ನೀರು_ಪರೀಕ್ಷೆ_ದುರ್ಗ:

ಬಹಳ ಸಂತೋಷ. ನೆರಳಿನ ವಿಷಯ ಮೊದಲು. ಸೆಲ್ 8 ಮೈಕ್ರೋಲೀಟರ್ ಆದರೂ 0.5 ಮಿ.ಮೀ ಒಳವ್ಯಾಸದ ಟ್ಯೂಬು 10 ಸೆಂ.ಮೀಗೆ 20 ಮೈಕ್ರೋಲೀಟರ್ ಹಿಡಿಯುತ್ತೆ. ನೀವು ತೊಳೆಯಬೇಕಾದ್ದು ಸೆಲ್ಲನ್ನಷ್ಟೇ ಅಲ್ಲ, ಅದಕ್ಕಿಂತ ದೊಡ್ಡ ಟ್ಯೂಬನ್ನ. ಟ್ಯೂಬು ಆದಷ್ಟು ಮೋಟು ಮಾಡಿ, ಪ್ರತಿ ಹೊಸ ಮಾದರಿಯಿಂದ 200 ಮೈಕ್ರೋಲೀಟರ್ ಹಾಯಿಸಿ ಚೆಲ್ಲಿದ ಮೇಲೇ ಓದಿ. 1200 ಬೆರೆಸಿರ್ತೀರಿ, ಸಾಕಷ್ಟಿದೆ. ಹರಿಯುತ್ತಿರುವಾಗಲೇ ಓದೋದಾದರೆ ಹೊರಹೋಗೋ ಕಡೆ 0.125 ಮಿ.ಮೀ ಒಳವ್ಯಾಸದ ಟ್ಯೂಬು 10 ಸೆಂ.ಮೀ ಜೋಡಿಸಿ, ನಿಮಿಷಕ್ಕೆ 100 ಮೈಕ್ರೋಲೀಟರ್ ಹರಿವಿಗೆ ಅದು ಸೆಲ್ ಒಳಗೆ ಸುಮಾರು 0.28 ಬಾರ್ ಒತ್ತಡ ಉಳಿಸುತ್ತೆ, ಉಳಿದ ಅನಿಲ ಕರಗಿಯೇ ಇರುತ್ತೆ. ಅಷ್ಟು ಸಣ್ಣ ಟ್ಯೂಬು ಕಟ್ಟಿಕೊಳ್ಳದಿರಲು ನೀರನ್ನ 0.45 ಮೈಕ್ರಾನ್ ಸಿರಿಂಜ್ ಫಿಲ್ಟರಲ್ಲಿ ಸೋಸಿರಬೇಕು.

ನಲ್ಲಿ ನೀರು ನೋಡಬಹುದು, ಆದರೆ ಅದರಲ್ಲಿ ಕ್ಲೋರಿನ್ ಇರುತ್ತೆ. ಅದು ಬಣ್ಣವನ್ನ ತಾನೇ ಮಾಸಿಸಿ ಫ್ಲೋರೈಡ್ ಜಾಸ್ತಿ ಇದ್ದಂತೆ ತೋರಿಸುತ್ತೆ. ಇದಕ್ಕೆ ಸೋಡಿಯಂ ಆರ್ಸಿನೈಟ್ ಹಾಕೋದು ರೂಢಿ. ಅದು ವಿಷ, ಹಾಕಿದ ಮಾದರಿಯ ತ್ಯಾಜ್ಯವನ್ನ ಸಿಂಕಿಗೆ ಸುರಿಯದೆ ಬೇರೆ ಬಾಟಲಿಯಲ್ಲಿ ಇಡಿ.

ಫಿಲ್ಟರ್ ನೀರಿನ 0.3, ಅದು ಅಲ್ಯುಮಿನಿಯಂ ಕೆಲಸ ಅಂತ ನನ್ನ ಅಂದಾಜು. ಸ್ಪಾಡ್ನ್ಸ್‌ಗೆ ಇದರಷ್ಟು ಕೆಟ್ಟ ಅಡ್ಡಿ ಇನ್ನೊಂದಿಲ್ಲ, ಲೀಟರಿಗೆ 0.1 ಮಿ.ಗ್ರಾಂ ಅಲ್ಯುಮಿನಿಯಂ ಸಾಕು, ಓದು 0.1 ಇಳಿಯುತ್ತೆ. ಫ್ಲೋರೈಡನ್ನ ಅದು ಗಟ್ಟಿಯಾಗಿ ಹಿಡಿದುಕೊಂಡಿರುತ್ತೆ, ಜಿರ್ಕೋನಿಯಂಗೆ ಬಿಟ್ಟುಕೊಡೋದಿಲ್ಲ. ಎಲೆಕ್ಟ್ರೋಡ್ ವಿಧಾನದಲ್ಲಿ ನೀರಿಗೆ ಬೆರೆಸೋ ಟೈಸಾಬ್ ದ್ರಾವಣದಲ್ಲಿ ಅಲ್ಯುಮಿನಿಯಂ ಕಟ್ಟಿಹಾಕೋ ಸಿಡಿಟಿಎ ಇರುತ್ತೆ, ಅದಕ್ಕೇ ಅಲ್ಲಿ ಪೂರ್ತಿ ಫ್ಲೋರೈಡ್ ಕಾಣುತ್ತೆ. ಪಟಿಕ ಹಾಕಿ ಫ್ಲೋರೈಡ್ ತೆಗೆಯೋ ನಲಗೊಂಡ ವಿಧಾನದ ನೀರಿಗೂ ಇದೇ ಗತಿ.

ಪತ್ತೆ ಹಚ್ಚೋದು ಹೀಗೆ. ರಿಯೇಜೆಂಟ್ ಹಾಕಿ 1 ನಿಮಿಷಕ್ಕೆ ಒಮ್ಮೆ, 15 ನಿಮಿಷಕ್ಕೆ ಇನ್ನೊಮ್ಮೆ ಓದಿ. ಫ್ಲೋರೈಡ್ ಓದು ಎದ್ದು ಕಾಣುವಷ್ಟು ಮೇಲೇರಿದರೆ ಅಲ್ಯುಮಿನಿಯಂ ಇದೆ. ಇದು ಗುಳ್ಳೆಗೆ ವಿರುದ್ಧ ದಿಕ್ಕು, ಗೊಂದಲ ಆಗೋದಿಲ್ಲ. ಇದ್ದರೆ ಅನಿಲ ತೆಗೆದ ಟ್ಯೂಬನ್ನ ಮುಚ್ಚಳ ಹಾಕಿ 2 ಗಂಟೆ ಬಿಟ್ಟು ಓದಿ, 3 ಮಿ.ಗ್ರಾಂವರೆಗಿನ ಅಲ್ಯುಮಿನಿಯಂ ಕಾಟ ತಪ್ಪುತ್ತೆ. ಜೊತೆಗೆ ಅದೇ ನೀರು 990 ಮೈಕ್ರೋಲೀಟರ್‌ಗೆ ಲೀಟರಿಗೆ 50 ಮಿ.ಗ್ರಾಂ ಇರೋ ಸ್ಟ್ಯಾಂಡರ್ಡ್ 10 ಮೈಕ್ರೋಲೀಟರ್ ಹಾಕಿದ ಇನ್ನೊಂದು ಟ್ಯೂಬೂ ಇರಲಿ, ಓದು 0.5ರ ಆಸುಪಾಸು ಏರಬೇಕು. ಏರಿದ್ದು 0.45ಕ್ಕಿಂತ ಕಡಿಮೆಯಾದರೆ ಆ ನೀರನ್ನ ಚಿಪ್‌ನಲ್ಲಿ ನೋಡಬೇಡಿ, ಎಲೆಕ್ಟ್ರೋಡ್‌ಗೇ ಕೊಡಿ. ಸ್ಟ್ಯಾಂಡರ್ಡ್‌ಗಳನ್ನೂ ಅಷ್ಟೇ 2 ಗಂಟೆ, ಅದೇ ನೀರಿನ ಬೋಗುಣಿಯಲ್ಲಿ ಒಂದೇ ಉಷ್ಣಾಂಶದಲ್ಲಿ ಇಟ್ಟಿರಿ.